ನಿಖರ ಸಮಯ: ಅಳತೆ, ಪಾಲನೆ ಹಾಗೂ ಅರ್ಜಿದಾರರಿಗೆ ಅದರ ಮಹತ್ವ

ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸಿದಾಗ ದೊರೆಯುವ ಸ್ವೀಕೃತಿಯಲ್ಲಿ ಸಾಮಾನ್ಯವಾಗಿ ದಿನಾಂಕದೊಂದಿಗೆ ಗಂಟೆ, ನಿಮಿಷ ಮತ್ತು ಹಲವು ಸಂದರ್ಭಗಳಲ್ಲಿ ಸೆಕೆಂಡು ಸಹ ನಮೂದಾಗಿರುತ್ತದೆ. ಈ ಸಮಯವು ಅರ್ಜಿದಾರರ ಕೈಗಡಿಯಾರದ್ದಲ್ಲ, ಅವರ ಮೊಬೈಲ್ ದೂರವಾಣಿಯದ್ದಲ್ಲ, ನಾಡಕಚೇರಿಯ ಗೋಡೆಗಡಿಯಾರದ್ದೂ ಅಲ್ಲ. ಅರ್ಜಿಯನ್ನು ಬರಮಾಡಿಕೊಂಡ ಸರ್ವರ್ ಗಣಕಯಂತ್ರದ ಸಮಯ ಅದು. ಕೊನೆಯ ದಿನಾಂಕದಂದು ಸಲ್ಲಿಸಿದ ಅರ್ಜಿ ಅವಧಿಯೊಳಗೆ ತಲುಪಿತೇ ಇಲ್ಲವೇ, ಒಂದೇ ದಿನ ಬಂದ ಎರಡು ಅರ್ಜಿಗಳಲ್ಲಿ ಯಾವುದು ಮೊದಲಿನದು ಎಂಬ ಪ್ರಶ್ನೆಗಳು ಈ ನಮೂದಿನ ಮೇಲೆಯೇ ತೀರ್ಮಾನವಾಗುತ್ತವೆ. ಆದ್ದರಿಂದ ಸದರಿ ಸಮಯ ಎಲ್ಲಿಂದ ಬರುತ್ತದೆ, ಅದನ್ನು ಯಾರು ಕಾಯ್ದುಕೊಳ್ಳುತ್ತಾರೆ, ಅರ್ಜಿದಾರರ ಕೈಯಲ್ಲಿರುವ ಗಡಿಯಾರಕ್ಕೂ ಅದಕ್ಕೂ ಅಂತರ ಏಕೆ ಉಂಟಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸೂರ್ಯನ ಸಮಯ ಮತ್ತು ಗಡಿಯಾರದ ಸಮಯ

ಹಿಂದಿನ ಕಾಲದಲ್ಲಿ ಪ್ರತಿಯೊಂದು ಊರಿಗೂ ತನ್ನದೇ ಆದ ಮಧ್ಯಾಹ್ನವಿತ್ತು. ಸೂರ್ಯ ನೆತ್ತಿಗೆ ಬಂದಾಗ ಆ ಊರಿನಲ್ಲಿ ಹನ್ನೆರಡು ಗಂಟೆ. ಭೂಮಿಯು ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕಾಗುವುದರಿಂದ, ಪೂರ್ವದ ಊರಿನ ಮಧ್ಯಾಹ್ನ ಮೊದಲು, ಪಶ್ಚಿಮದ ಊರಿನದು ನಂತರ. ಭಾರತೀಯ ಪ್ರಮಾಣಿತ ಕಾಲಮಾನವನ್ನು ಪೂರ್ವ ರೇಖಾಂಶ 82 ಡಿಗ್ರಿ 30 ಮಿನಿಟಿಗೆ ನಿಗದಿಪಡಿಸಲಾಗಿದೆ. ಮುಂಡಗೋಡವು ಆ ರೇಖೆಯಿಂದ ಸುಮಾರು ಏಳೂವರೆ ಡಿಗ್ರಿ ಪಶ್ಚಿಮಕ್ಕಿದೆ. ಜೋಯಿಡಾ ಸುಮಾರು ಎಂಟು ಡಿಗ್ರಿ ಪಶ್ಚಿಮಕ್ಕಿದೆ. ಹೀಗಾಗಿ ಸೂರ್ಯನನ್ನು ನಂಬಿ ನಡೆಯುವ ಗಡಿಯಾರವು ಸರ್ಕಾರಿ ಗಡಿಯಾರಕ್ಕಿಂತ ಮುಂಡಗೋಡದಲ್ಲಿ ಸುಮಾರು 30 ನಿಮಿಷ, ಹಳಿಯಾಳದಲ್ಲಿ 31 ನಿಮಿಷ, ದಾಂಡೇಲಿಯಲ್ಲಿ ಮೂವತ್ತೊಂದೂವರೆ ನಿಮಿಷ, ಜೋಯಿಡಾದಲ್ಲಿ 32 ನಿಮಿಷ ಹಿಂದಿರುತ್ತದೆ. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಜೋಯಿಡಾದ ಅಂತರವು ಒಂದು ಗಳಿಗೆ ಇಪ್ಪತ್ತು ವಿಗಳಿಗೆ.

ಇದೂ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಭೂಮಿಯ ಪಥವು ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ಓರೆಯಾಗಿದೆ. ಈ ಎರಡು ಕಾರಣಗಳಿಂದ ದಾಂಡೇಲಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಫೆಬ್ರವರಿ ಮಧ್ಯಭಾಗದಲ್ಲಿ ಗಡಿಯಾರದ ಸುಮಾರು 12 ಗಂಟೆ 46 ನಿಮಿಷಕ್ಕೆ, ನವೆಂಬರ್ ಆರಂಭದಲ್ಲಿ ಸುಮಾರು 12 ಗಂಟೆ 15 ನಿಮಿಷಕ್ಕೆ. ಬೇರೆ ಊರಿಗಾಗಿ ಗಣಿಸಿದ ಪಂಚಾಂಗದ ಸೂರ್ಯೋದಯವನ್ನು ಈ ತಾಲೂಕುಗಳಿಗೆ ನೇರವಾಗಿ ಅನ್ವಯಿಸಿದಲ್ಲಿ ಕೆಲವು ನಿಮಿಷಗಳ ವ್ಯತ್ಯಾಸ ಬರುವುದು ಸಹಜ. ಅದು ಪಂಚಾಂಗದ ದೋಷವಲ್ಲ.

ರೈಲು ಮತ್ತು ತಂತಿ ವ್ಯವಸ್ಥೆ ಬಂದ ಮೇಲೆ ಊರಿಗೊಂದು ಸಮಯ ಎಂಬುದು ಅಸಾಧ್ಯವಾಯಿತು. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬೈ ಪ್ರಾಂತಕ್ಕೆ ಸೇರಿತು. ಮುಂಬೈ ಸಮಯವು ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದಿದ್ದರೆ, ಮದ್ರಾಸ್ ಸಮಯವು 5 ಗಂಟೆ 21 ನಿಮಿಷ ಮುಂದಿತ್ತು. 1906ರ ಜನವರಿ 1ರಿಂದ ಐದೂವರೆ ಗಂಟೆಯ ಪ್ರಮಾಣಿತ ಕಾಲಮಾನ ಜಾರಿಗೆ ಬಂದರೂ ಎಲ್ಲರೂ ಅದನ್ನು ಒಪ್ಪಲಿಲ್ಲ: ಕೋಲ್ಕತಾ ತನ್ನ ಸಮಯವನ್ನು 1948ರವರೆಗೆ, ಮುಂಬೈ ನಗರವು 1955ರವರೆಗೆ ಉಳಿಸಿಕೊಂಡವು. ಎರಡನೆಯ ಮಹಾಯುದ್ಧದ ಅವಧಿಯಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು. ಆ ವರ್ಷಗಳಲ್ಲಿ ಜನಿಸಿದ ಹಿರಿಯರ ಜನ್ಮಸಮಯವನ್ನು ಇಂದಿನ ಲೆಕ್ಕಕ್ಕೆ ತರುವವರು ಈ ಅಂಶವನ್ನು ಮರೆಯುವುದೇ ಹೆಚ್ಚು.

ಸೆಕೆಂಡನ್ನು ಎಣಿಸುವ ಬಗೆ

ಕಾಲವನ್ನು ಅಳೆಯಲು ಬೇಕಾದುದು ಎರಡು: ತಪ್ಪದೆ ಮರುಕಳಿಸುವ ಒಂದು ಚಲನೆ ಮತ್ತು ಅದನ್ನು ಎಣಿಸುವ ಒಂದು ಸಾಧನ. ಮುಹೂರ್ತಕ್ಕಾಗಿ ಬಳಸುತ್ತಿದ್ದ ಗಳಿಗೆ ಬಟ್ಟಲಿನಲ್ಲಿ ಮರುಕಳಿಸುತ್ತಿದ್ದುದು ಬಟ್ಟಲು ನೀರು ತುಂಬಿ ಮುಳುಗುವ ಕ್ರಿಯೆ. ಅದರ ಅವಧಿ 24 ನಿಮಿಷ. ಕೀಲಿ ಕೊಡುವ ಕೈಗಡಿಯಾರದಲ್ಲಿ ಅತ್ತಿತ್ತ ತೂಗುವ ಚಕ್ರವು ಸಾಮಾನ್ಯವಾಗಿ ಸೆಕೆಂಡಿಗೆ ಐದು ಬಾರಿ ಬಡಿಯುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಕಾರ್ಖಾನೆಯ ಇಂತಹ ಗಡಿಯಾರಗಳು ರಾಜ್ಯದ ಎಷ್ಟೋ ಮನೆಗಳಲ್ಲಿ ಇಂದಿಗೂ ಕೆಲಸ ಮಾಡುತ್ತಿವೆ. ಕಂಪನಿಯ ಕೈಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ತೀರ್ಮಾನಿಸಿತು. ಈ ಬಗೆಯ ಗಡಿಯಾರ ದಿನಕ್ಕೆ ಅರ್ಧ ನಿಮಿಷ ಹೆಚ್ಚುಕಡಿಮೆಯಾದರೆ ಅದನ್ನು ದೋಷವೆಂದು ಯಾರೂ ಎಣಿಸುತ್ತಿರಲಿಲ್ಲ. ಧಾರವಾಡ ಆಕಾಶವಾಣಿಯ ಸಮಯ ಸಂಕೇತ ಕೇಳಿ ಮುಳ್ಳು ಸರಿಪಡಿಸುವುದು ದಿನಚರಿಯ ಭಾಗವಾಗಿತ್ತು. (ಅದೇ ಸಂಕೇತವನ್ನು ಇಂದು ಮೊಬೈಲ್ ತಂತ್ರಾಂಶದ ಮೂಲಕ ಕೇಳಿದಲ್ಲಿ ಅದು ಹಲವು ಸೆಕೆಂಡು ತಡವಾಗಿ ಕಿವಿಗೆ ಬೀಳುತ್ತದೆ. ಗಡಿಯಾರ ಹೊಂದಿಸಲು ಅದನ್ನು ಬಳಸಬಾರದು.)

ನಂತರ ಬಂದದ್ದು ಸ್ಫಟಿಕದ, ಅಂದರೆ ಕ್ವಾರ್ಟ್ಜ್ ಗಡಿಯಾರ. ವಿದ್ಯುತ್ ಹರಿಸಿದಾಗ ಕ್ವಾರ್ಟ್ಜ್ ಹರಳು ನಿಗದಿತ ವೇಗದಲ್ಲಿ ಕಂಪಿಸುತ್ತದೆ. ಕೈಗಡಿಯಾರದಲ್ಲಿರುವ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುವಂತೆ ಕತ್ತರಿಸಲ್ಪಟ್ಟಿರುತ್ತದೆ. ಈ ಸಂಖ್ಯೆ ಆಕಸ್ಮಿಕವಲ್ಲ: ಅದನ್ನು ಹದಿನೈದು ಬಾರಿ ಅರ್ಧಿಸಿದರೆ ಸರಿಯಾಗಿ ಒಂದು ಉಳಿಯುತ್ತದೆ, ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಮೊಬೈಲ್ ದೂರವಾಣಿ, ಗಣಕಯಂತ್ರ, ವಿದ್ಯುತ್ ಮೀಟರ್ ಮುಂತಾದ ಸಾಧನಗಳು ಸ್ವತಂತ್ರವಾಗಿ ಸಮಯ ಎಣಿಸುವುದು ಇಂತಹ ಹರಳಿನ ಆಧಾರದ ಮೇಲೆಯೇ. ಹರಳಿಗೆ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ತಪ್ಪು ಇರುವುದು ಸಾಮಾನ್ಯ. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ ಇಷ್ಟು ತಪ್ಪು ದಿನವೊಂದಕ್ಕೆ ಸುಮಾರು ಒಂದೂಮುಕ್ಕಾಲು ಸೆಕೆಂಡು, ತಿಂಗಳಿಗೆ ಐವತ್ತು ಸೆಕೆಂಡಿನಷ್ಟಾಗುತ್ತದೆ. ಹರಳಿಗೆ ಹವಾಮಾನದ ಬಾಧೆಯೂ ಉಂಟು. ಅದನ್ನು ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೊಂದಿಸಿರುತ್ತಾರೆ. ಸೆಕೆ ಹೆಚ್ಚಿದರೂ ಚಳಿ ಹೆಚ್ಚಿದರೂ ಅದು ನಿಧಾನವಾಗುತ್ತದೆಯೇ ಹೊರತು ಒಮ್ಮೆ ಮುಂದೆ, ಒಮ್ಮೆ ಹಿಂದೆ ಎಂದು ಸರಿದೂಗುವುದಿಲ್ಲ.

ಹರಳಿಗಿಂತ ನಂಬಲರ್ಹವಾದ ಚಲನೆ ಪರಮಾಣುವಿನೊಳಗೆ ದೊರೆಯಿತು. ಬಳಕೆಗೆ ಯೋಗ್ಯವಾದ ಮೊದಲ ಸೀಸಿಯಂ ಗಡಿಯಾರವನ್ನು 1955ರಲ್ಲಿ ಇಂಗ್ಲೆಂಡಿನ ಟೆಡ್ಡಿಂಗ್ಟನ್‌ನಲ್ಲಿ ಲೂಯಿ ಎಸೆನ್ ಮತ್ತು ಜ್ಯಾಕ್ ಪ್ಯಾರಿ ರೂಪಿಸಿದರು. 1967ರಲ್ಲಿ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಮಹಾಸಮ್ಮೇಳನವು ಸೆಕೆಂಡನ್ನು ಭೂಮಿಯ ಚಲನೆಯಿಂದ ಬಿಡಿಸಿ, ಸೀಸಿಯಂ-133 ಪರಮಾಣುವಿಗೆ ಒಪ್ಪಿಸಿತು. ಆ ಪರಮಾಣುವಿನ ಎರಡು ನಿರ್ದಿಷ್ಟ ಸ್ಥಿತಿಗಳ ನಡುವಣ ವಿಕಿರಣವು 919 ಕೋಟಿ 26 ಲಕ್ಷ 31 ಸಾವಿರದ 770 ಬಾರಿ ಸ್ಪಂದಿಸಲು ಹಿಡಿಯುವ ಅವಧಿಯೇ ಒಂದು ಸೆಕೆಂಡು. ಭಾರತದಲ್ಲಿ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009ರಲ್ಲಿಯೂ ಮೀಟರ್, ಕಿಲೋಗ್ರಾಂಗಳಂತೆ ಸೆಕೆಂಡು ಒಂದು ಮೂಲಮಾನ. ತಕ್ಕಡಿಯ ತೂಕದಲ್ಲಿ ಮೋಸ ಹೇಗೆ ನಿಷಿದ್ಧವೋ ಸಮಯದ ಅಳತೆಗೂ ಹಾಗೆಯೇ ಒಂದು ಮಾನಕ ಇರಬೇಕೆಂಬುದು ಇದರ ಅರ್ಥ.

ಪರಮಾಣು ಗಡಿಯಾರ ಎಂಬ ಹೆಸರು ಕೇಳಿದವರು ಅದರಲ್ಲಿ ಪರಮಾಣುವೇ ಟಿಕ್ ಟಿಕ್ ಎನ್ನುತ್ತದೆಂದು ಭಾವಿಸುವುದುಂಟು. ವಾಸ್ತವದಲ್ಲಿ ಅಲ್ಲಿಯೂ ಕಂಪಿಸುವುದು ಒಂದು ಕ್ವಾರ್ಟ್ಜ್ ಹರಳು. ಆ ಹರಳಿನಿಂದ ಸೂಕ್ಷ್ಮತರಂಗವನ್ನು ಉತ್ಪಾದಿಸಿ ಸೀಸಿಯಂ ಪರಮಾಣುಗಳ ಮೇಲೆ ಬಿಡಲಾಗುತ್ತದೆ. ತರಂಗದ ಸ್ಪಂದನ ಸರಿಯಾಗಿದ್ದರೆ ಮಾತ್ರ ಹೆಚ್ಚು ಪರಮಾಣುಗಳು ಸ್ಥಿತಿ ಬದಲಿಸುತ್ತವೆ. ಬದಲಿಸಿದವುಗಳ ಸಂಖ್ಯೆ ಕುಗ್ಗಿದರೆ ಹರಳು ದಾರಿ ತಪ್ಪಿದೆ ಎಂದು ತಿಳಿದು ಅದನ್ನು ಕೂಡಲೇ ತಿದ್ದಲಾಗುತ್ತದೆ. ತಂಬೂರಿಯ ತಂತಿಯನ್ನು ಶ್ರುತಿಗೆ ಕೂಡಿಸುವ ಕೆಲಸವಿದು. ವ್ಯತ್ಯಾಸವೆಂದರೆ ಇಲ್ಲಿ ಶ್ರುತಿಗೆ ಕೂಡಿಸುವುದು ಎಂದೂ ನಿಲ್ಲುವುದಿಲ್ಲ.

ದೇಶದ ಗಡಿಯಾರ

ಭಾರತೀಯ ಪ್ರಮಾಣಿತ ಕಾಲಮಾನವನ್ನು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಕಾಯ್ದುಕೊಳ್ಳುತ್ತದೆ. ಅಲ್ಲಿ ಸೀಸಿಯಂ ಗಡಿಯಾರಗಳು ಮತ್ತು ಹೈಡ್ರೋಜನ್ ಮೇಸರ್ ಎಂಬ ಸಾಧನಗಳು ನಿಯಂತ್ರಿತ ಉಷ್ಣತೆಯಲ್ಲಿ ನಿರಂತರ ನಡೆಯುತ್ತಿವೆ. ಆದರೆ ಜಗತ್ತಿನಲ್ಲಿ ಒಂದೇ ಪರಮೋಚ್ಚ ಗಡಿಯಾರ ಎಂಬುದಿಲ್ಲ. ಹಲವು ದೇಶಗಳ ಪ್ರಯೋಗಾಲಯಗಳಲ್ಲಿರುವ ನೂರಾರು ಪರಮಾಣು ಗಡಿಯಾರಗಳ ಅಂಕಿ-ಅಂಶಗಳನ್ನು ಪ್ಯಾರಿಸ್ ಬಳಿಯ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆಯು ಸಂಗ್ರಹಿಸಿ, ಸರಾಸರಿ ತೆಗೆದು, ಸಮನ್ವಿತ ಸಾರ್ವತ್ರಿಕ ಕಾಲವನ್ನು ನಿರ್ಧರಿಸುತ್ತದೆ. ಯಾವ ಪ್ರಯೋಗಾಲಯ ಎಷ್ಟು ಹಿಂದೆ, ಎಷ್ಟು ಮುಂದೆ ಎಂಬುದು ಎಲ್ಲರಿಗೂ ತಿಳಿಯುವುದು ಲೆಕ್ಕ ಮುಗಿದ ಮೇಲೆಯೇ! ದೆಹಲಿಯ ಗಡಿಯಾರವು ಈ ಸರಾಸರಿಯಿಂದ ನ್ಯಾನೋಸೆಕೆಂಡುಗಳಷ್ಟು, ಅಂದರೆ ಸೆಕೆಂಡಿನ ನೂರು ಕೋಟಿಯ ಕೆಲವೇ ಭಾಗಗಳಷ್ಟು ಅಂತರದಲ್ಲಿರುತ್ತದೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ಭಾರತದ ಸಮಯ.

ಪರಮಾಣು ಗಡಿಯಾರ ತಪ್ಪುವುದಿಲ್ಲ, ಆದರೆ ಭೂಮಿ ತನ್ನ ತಿರುಗುವಿಕೆಯಲ್ಲಿ ಒಂದೇ ಸಮನಾಗಿಲ್ಲ. ಎರಡನ್ನೂ ಕೂಡಿಸಲು, ಪಂಚಾಂಗದಲ್ಲಿ ಅಧಿಕ ಮಾಸ ಸೇರಿಸುವಂತೆ, ಆಗಾಗ ಒಂದು ಅಧಿಕ ಸೆಕೆಂಡನ್ನು ಸೇರಿಸುವ ಪದ್ಧತಿ 1972ರಲ್ಲಿ ಆರಂಭವಾಯಿತು. 2016ರ ಅಂತ್ಯದವರೆಗೆ ಇಂತಹ 27 ಸೆಕೆಂಡುಗಳು ಸೇರಿವೆ. ಕೊನೆಯದು ಭಾರತದಲ್ಲಿ 2017ರ ಜನವರಿ 1ರ ಬೆಳಿಗ್ಗೆ ಬಂತು: 5 ಗಂಟೆ 29 ನಿಮಿಷ 59 ಸೆಕೆಂಡಿನ ನಂತರ 60ನೆಯ ಸೆಕೆಂಡು, ಆಮೇಲೆ ಐದೂವರೆ. ಗಣಕಯಂತ್ರಗಳಿಗೆ ಇದರಿಂದ ತೊಂದರೆಯೇ ಹೆಚ್ಚಾದುದರಿಂದ, 2035ರೊಳಗೆ ಈ ಪದ್ಧತಿಯನ್ನು ಬದಲಿಸಲು 2022ರ ಮಹಾಸಮ್ಮೇಳನವು ನಿರ್ಣಯಿಸಿದೆ.

ದೆಹಲಿಯಿಂದ ಜೋಯಿಡಾಕ್ಕೆ

ನಿಖರ ಸಮಯವನ್ನು ಇಟ್ಟುಕೊಳ್ಳುವುದು ಒಂದು ಕೆಲಸ, ಅದನ್ನು ಊರೂರಿಗೆ ತಲುಪಿಸುವುದು ಅದಕ್ಕಿಂತ ಕಷ್ಟದ ಕೆಲಸ. ದಾರಿಯಲ್ಲಿಯೇ ಸಮಯ ಕಳೆಯುತ್ತದೆ ಎಂಬುದೇ ತೊಡಕು.

ಮೊದಲನೆಯ ದಾರಿ ಉಪಗ್ರಹ. ಸ್ಥಾನ ತಿಳಿಸುವ ಉಪಗ್ರಹಗಳೆಲ್ಲವೂ ಮೂಲತಃ ಹಾರುವ ಗಡಿಯಾರಗಳು. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದ್ದು, ಅದು ತನ್ನ ಸಮಯವನ್ನು ಎಡೆಬಿಡದೆ ಪ್ರಸಾರ ಮಾಡುತ್ತದೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುವುದರಿಂದ, ಹತ್ತು ಲಕ್ಷದ ಒಂದು ಸೆಕೆಂಡಿನಷ್ಟು ತಪ್ಪಾದರೂ ದೂರದ ಲೆಕ್ಕದಲ್ಲಿ 300 ಮೀಟರ್ ವ್ಯತ್ಯಾಸವಾಗುತ್ತದೆ. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಚಲಿಸುತ್ತವೆ. ಗುರುತ್ವ ಕಡಿಮೆ ಇರುವ ಆ ಎತ್ತರದಲ್ಲಿ ಗಡಿಯಾರವು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಬೇಗ ಓಡುತ್ತದೆ. ಐನ್‌ಸ್ಟೈನ್ ಹೇಳಿದ ಈ ಪರಿಣಾಮವನ್ನು ಮುಂಚಿತವಾಗಿಯೇ ಕಳೆಯದಿದ್ದರೆ ಮೊಬೈಲ್ ನಕ್ಷೆ ಒಂದೇ ದಿನದಲ್ಲಿ ಕಿಲೋಮೀಟರುಗಟ್ಟಲೆ ತಪ್ಪುತ್ತಿತ್ತು.

ಭಾರತದ ಸ್ವಂತ ನಾವಿಕ್ ವ್ಯವಸ್ಥೆಯ ಕಾಲನಿಯಂತ್ರಣ ಬೆಂಗಳೂರು ಸಮೀಪದ ಬ್ಯಾಲಾಳು ಗ್ರಾಮದಲ್ಲಿ ನಡೆಯುತ್ತದೆ. ಅಲ್ಲಿನ ಇಸ್ರೋ ಸಂಚರಣ ಕೇಂದ್ರವು 2013ರ ಮೇ 28ರಂದು ಉದ್ಘಾಟನೆಗೊಂಡಿತು. ಈ ವ್ಯವಸ್ಥೆಯ ದುರ್ಬಲ ಕೊಂಡಿಯೂ ಗಡಿಯಾರವೇ ಆದದ್ದು ಗಮನಾರ್ಹ: ಮೊದಲ ಉಪಗ್ರಹದಲ್ಲಿದ್ದ, ವಿದೇಶದಿಂದ ತರಿಸಿದ ಮೂರೂ ರುಬಿಡಿಯಂ ಗಡಿಯಾರಗಳು ಕೆಟ್ಟುಹೋದುದರಿಂದ ಉಪಗ್ರಹ ಉಳಿದೂ ಅದರ ಸೇವೆ ಕುಂಠಿತವಾಯಿತು. 2023ರ ಮೇ 29ರಂದು ಉಡಾವಣೆಗೊಂಡ ಎನ್.ವಿ.ಎಸ್.-01 ಉಪಗ್ರಹದಲ್ಲಿ ದೇಶದಲ್ಲಿಯೇ ತಯಾರಾದ ರುಬಿಡಿಯಂ ಗಡಿಯಾರವನ್ನು ಮೊದಲ ಬಾರಿಗೆ ಅಳವಡಿಸಲಾಯಿತು.

ಉಪಗ್ರಹದ ಸಂಕೇತಕ್ಕೆ ಮೊಬೈಲ್ ಗೋಪುರ ಬೇಕಾಗಿಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಟ್ಟ ಕಾಡಿನ ನಡುವಿನ ಊರಿನಲ್ಲಿ ಕರೆ ಹೋಗದಿದ್ದರೂ, ಆಕಾಶ ಕಾಣುವ ಅಂಗಳದಲ್ಲಿ ಮೊಬೈಲ್ ದೂರವಾಣಿಗೆ ಉಪಗ್ರಹದ ಸಂಕೇತ ಸಿಗುತ್ತದೆ. ಆದರೆ ಬಹುತೇಕ ದೂರವಾಣಿಗಳು ತಮ್ಮ ಗಡಿಯಾರವನ್ನು ಹೊಂದಿಸಿಕೊಳ್ಳುವುದು ಗೋಪುರ ಅಥವಾ ಅಂತರ್ಜಾಲದಿಂದಲೇ ಹೊರತು ಉಪಗ್ರಹದಿಂದಲ್ಲ. ಆದ್ದರಿಂದ ಹಲವು ದಿನ ಸಂಪರ್ಕವಿಲ್ಲದೆ ಇದ್ದ ದೂರವಾಣಿಯು ಕೇವಲ ತನ್ನ ಹರಳನ್ನೇ ನಂಬಿ, ಮೇಲೆ ತಿಳಿಸಿದಂತೆ ದಿನಕ್ಕೊಂದೆರಡು ಸೆಕೆಂಡು ಜಾರುತ್ತಿರುತ್ತದೆ.

ಎರಡನೆಯ ದಾರಿ ಅಂತರ್ಜಾಲ. ಇದಕ್ಕೆ ಬಳಸುವ ಎನ್.ಟಿ.ಪಿ. ಎಂಬ ಕ್ರಮವನ್ನು ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ 1980ರ ದಶಕದಲ್ಲಿ ರೂಪಿಸಿದರು. ಇದರ ಉಪಾಯ ಸರಳವಾಗಿದ್ದು, ಒಂದು ಉದಾಹರಣೆಯಿಂದ ತಿಳಿಯಬಹುದು. ಹಳಿಯಾಳದ ಒಂದು ಗಣಕಯಂತ್ರವು ತನ್ನ ಗಡಿಯಾರದಲ್ಲಿ ಸರಿಯಾಗಿ ಹತ್ತು ಗಂಟೆ ಆದಾಗ ಸಮಯ ಕೇಳಿ ಸಂದೇಶ ಕಳುಹಿಸುತ್ತದೆ ಎಂದು ಭಾವಿಸೋಣ. ಸಮಯ ಸರ್ವರ್ ತನ್ನ ಗಡಿಯಾರದ ಪ್ರಕಾರ ಹತ್ತು ಗಂಟೆ ಕಳೆದು 350 ಮಿಲಿಸೆಕೆಂಡಿಗೆ ಅದನ್ನು ಪಡೆದು, 360ಕ್ಕೆ ಉತ್ತರ ಕಳುಹಿಸುತ್ತದೆ. ಉತ್ತರ ಹಳಿಯಾಳ ತಲುಪಿದಾಗ ಅಲ್ಲಿನ ಗಡಿಯಾರ ಕೇವಲ 210 ಮಿಲಿಸೆಕೆಂಡು ತೋರಿಸುತ್ತದೆ. ಉತ್ತರ ಹೊರಡುವ ಮೊದಲೇ ತಲುಪಿದಂತೆ ಕಾಣುವ ಈ ವಿಚಿತ್ರವೇ ತಪ್ಪಿನ ಸುಳಿವು. ಹೋಗಲು ಮತ್ತು ಬರಲು ಒಟ್ಟು 200 ಮಿಲಿಸೆಕೆಂಡು, ಅಂದರೆ ಒಂದೊಂದು ದಾರಿಗೆ 100 ಎಂದು ಹಿಡಿದರೆ, ಸ್ಥಳೀಯ ಗಡಿಯಾರ 250 ಮಿಲಿಸೆಕೆಂಡು ಹಿಂದಿದೆ ಎಂಬುದು ನಿಶ್ಚಯವಾಗುತ್ತದೆ.

ಈ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ: ಹೋಗುವ ದಾರಿ ಮತ್ತು ಬರುವ ದಾರಿ ಸಮ ಎಂಬುದು. ಸಂಕೇತ ದುರ್ಬಲವಿರುವ ಕಡೆ ಸಂದೇಶ ಮೇಲೇರಲು ಹೆಚ್ಚು ಹೊತ್ತು, ಇಳಿಯಲು ಕಡಿಮೆ ಹೊತ್ತು ಹಿಡಿಯಬಹುದು. ಆಗ ಆ ವ್ಯತ್ಯಾಸದ ಅರ್ಧದಷ್ಟು ತಪ್ಪು ಗಡಿಯಾರದಲ್ಲಿ ಉಳಿದುಬಿಡುತ್ತದೆ. ಅರ್ಜಿ ಸಲ್ಲಿಸುವವರಿಗೆ ಇಂತಹ ಅರೆಸೆಕೆಂಡಿನ ತಪ್ಪು ಮುಖ್ಯವಲ್ಲ. ಮುಖ್ಯವಾದುದು ಅದೇ ದುರ್ಬಲ ದಾರಿಯಲ್ಲಿ ಅರ್ಜಿಯೂ ಸಾಗಬೇಕಾಗಿದೆ ಎಂಬುದು.

ಸರ್ಕಾರಿ ಸರ್ವರ್‌ಗಳು ತಮ್ಮ ಸಮಯವನ್ನು ಎಲ್ಲಿಂದ ಪಡೆಯಬೇಕೆಂಬುದನ್ನು ಅವುಗಳ ಇಷ್ಟಕ್ಕೆ ಬಿಟ್ಟಿಲ್ಲ. ಭಾರತೀಯ ಗಣಕ ತುರ್ತು ಸ್ಪಂದನ ತಂಡವು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸರ್ಕಾರಿ ಸಂಸ್ಥೆಗಳು, ದತ್ತಾಂಶ ಕೇಂದ್ರಗಳು, ಸೇವಾದಾರರು ಮತ್ತು ಕಂಪನಿಗಳು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ, ಇಲ್ಲವೇ ಅವುಗಳ ಮೂಲಕ್ಕೆ ತಲುಪುವ ಇತರ ಸರ್ವರ್‌ಗಳಿಗೆ ತಮ್ಮ ವ್ಯವಸ್ಥೆಯ ಗಡಿಯಾರಗಳನ್ನು ಹೊಂದಿಸತಕ್ಕದ್ದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ರಾಷ್ಟ್ರೀಯ ಭೌತ ಪ್ರಯೋಗಾಲಯ ಮತ್ತು ಇಸ್ರೋ ಸಹಯೋಗದಲ್ಲಿ, ಬೆಂಗಳೂರು ಸೇರಿದಂತೆ ಐದು ನಗರಗಳಲ್ಲಿರುವ ಪ್ರಾದೇಶಿಕ ಉಲ್ಲೇಖ ಮಾನಕ ಪ್ರಯೋಗಾಲಯಗಳಿಂದ ಭಾರತೀಯ ಕಾಲಮಾನವನ್ನು ವಿತರಿಸುವ ಯೋಜನೆಯನ್ನು ಕೈಗೆತ್ತಿಕೊಂಡಿದೆ. ಈ ಕಾಲಮಾನದ ಬಳಕೆಯನ್ನು ಕಡ್ಡಾಯಗೊಳಿಸುವ ಕರಡು ನಿಯಮಗಳನ್ನು 2025ರ ಜನವರಿಯಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಲಾಗಿತ್ತು.

ಸೂಪಾದ ಯಂತ್ರಗಳೂ ಗಡಿಯಾರಗಳೇ

ಈ ತಾಲೂಕುಗಳಲ್ಲಿ ಸಮಯಪಾಲನೆಯ ಅತ್ಯಂತ ದೊಡ್ಡ ಯಂತ್ರಗಳು ಕಚೇರಿಗಳಲ್ಲಿಲ್ಲ, ಕಾಳಿ ನದಿಯ ದಡದಲ್ಲಿವೆ. ಹಳೆಯ ಸೂಪಾ ಪಟ್ಟಣವನ್ನು ಮುಳುಗಿಸಿ, ತಾಲೂಕು ಕೇಂದ್ರವನ್ನು ಜೋಯಿಡಾಕ್ಕೆ ಸ್ಥಳಾಂತರಿಸಲು ಕಾರಣವಾದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಬುಡದಲ್ಲಿ ತಲಾ 50 ಮೆಗಾವ್ಯಾಟ್ ಸಾಮರ್ಥ್ಯದ ಎರಡು ಘಟಕಗಳಿವೆ. ಕೆಳಭಾಗದಲ್ಲಿ ಅಂಬಿಕಾನಗರದ ಸಮೀಪ ನಾಗಝರಿ ವಿದ್ಯುದಾಗಾರವಿದೆ. ದೇಶದ ವಿದ್ಯುತ್ ಸೆಕೆಂಡಿಗೆ 50 ಆವರ್ತದಲ್ಲಿ ಹರಿಯುತ್ತದೆ. ಜಾಲಕ್ಕೆ ಸೇರಿದ ಪ್ರತಿಯೊಂದು ಉತ್ಪಾದನಾ ಯಂತ್ರವೂ ಆ ಲಯಕ್ಕೆ ಹೆಜ್ಜೆ ಹಾಕಲೇಬೇಕು. ಲಯ ಕೂಡದ ಯಂತ್ರವನ್ನು ಜಾಲಕ್ಕೆ ಸೇರಿಸಿದಲ್ಲಿ ಯಂತ್ರವೇ ಹಾಳಾಗಬಹುದು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ಉಳಿದ ದೇಶದ ಜಾಲದೊಂದಿಗೆ ಕೂಡಿದ ಮೇಲೆ, ಕಾಳಿಯ ನೀರು ತಿರುಗಿಸುವ ಚಕ್ರ ಮತ್ತು ಹಿಮಾಲಯದ ನೀರು ತಿರುಗಿಸುವ ಚಕ್ರ ಒಂದೇ ಲಯದಲ್ಲಿ ತಿರುಗುತ್ತಿವೆ.

ಆವರ್ತವು 50ರ ಬದಲು 49.95 ಆಗಿ ದಿನವಿಡೀ ಉಳಿದರೆ, ವಿದ್ಯುತ್ತಿನ ಆವರ್ತವನ್ನೇ ಎಣಿಸಿ ನಡೆಯುವ ಗಡಿಯಾರ 86 ಸೆಕೆಂಡು ಹಿಂದೆ ಬೀಳುತ್ತದೆ. ದೊಡ್ಡ ಉಪಕೇಂದ್ರಗಳಲ್ಲಿ ಈ ಲಯವನ್ನು ಉಪಗ್ರಹದ ಸಮಯಕ್ಕೆ ಹೋಲಿಸಿ ನೋಡುವ ಸಾಧನಗಳನ್ನು ಅಳವಡಿಸಲಾಗಿದ್ದು, ಜಾಲದ ಯಾವ ಭಾಗ ಎಳೆಯಲ್ಪಡುತ್ತಿದೆ ಎಂಬುದು ಕ್ಷಣಾರ್ಧದಲ್ಲಿ ತಿಳಿಯುತ್ತದೆ. ವಿದ್ಯುತ್ ಲೆಕ್ಕಾಚಾರ 15 ನಿಮಿಷಗಳ ಕಂತುಗಳಲ್ಲಿ ನಡೆಯುತ್ತದೆ. ದಿನದ ಅವಧಿ ಆಧರಿಸಿದ ದರಕ್ಕೆ ಒಳಪಟ್ಟ ಗ್ರಾಹಕರ ಮೀಟರಿನೊಳಗಣ ಗಡಿಯಾರ ಹತ್ತು ನಿಮಿಷ ತಪ್ಪಿದ್ದರೆ, ಕಡಿಮೆ ದರದ ಹೊತ್ತಿನ ಬಳಕೆ ಹೆಚ್ಚಿನ ದರಕ್ಕೆ ಸೇರಿಹೋಗಬಹುದು. ಅಂತಹ ಗ್ರಾಹಕರು ಮೀಟರಿನ ಪರದೆಯಲ್ಲಿ ಕಾಣುವ ಸಮಯವನ್ನು ವರ್ಷಕ್ಕೊಮ್ಮೆಯಾದರೂ ನೋಡಿಕೊಂಡು, ವ್ಯತ್ಯಾಸ ಕಂಡಲ್ಲಿ ಹೆಸ್ಕಾಂ ಉಪವಿಭಾಗಕ್ಕೆ ಲಿಖಿತವಾಗಿ ತಿಳಿಸುವುದು ಸೂಕ್ತ.

ಅರ್ಜಿದಾರರ ಗಮನಕ್ಕೆ

ವಿದ್ಯುನ್ಮಾನ ದಾಖಲೆಯೊಂದು ಯಾವಾಗ ಸ್ವೀಕೃತವಾಯಿತು ಎಂಬುದನ್ನು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಪ್ರಕರಣವು ತಿಳಿಸುತ್ತದೆ. ಕಳುಹಿಸುವವರು ಮತ್ತು ಪಡೆಯುವವರು ಬೇರೆ ರೀತಿ ಒಪ್ಪಿಕೊಂಡಿರದ ಹೊರತು, ದಾಖಲೆಯು ಇದಕ್ಕಾಗಿಯೇ ಗೊತ್ತುಪಡಿಸಿದ ಗಣಕ ವ್ಯವಸ್ಥೆಯನ್ನು ಪ್ರವೇಶಿಸಿದ ಕ್ಷಣವೇ ಸ್ವೀಕೃತಿಯ ಕ್ಷಣ. ಗುಂಡಿ ಒತ್ತಿದ ಕ್ಷಣವಲ್ಲ. ಜೋಯಿಡಾದ ಒಬ್ಬ ಅರ್ಜಿದಾರರು ಕೊನೆಯ ದಿನ ರಾತ್ರಿ 11 ಗಂಟೆ 59 ನಿಮಿಷಕ್ಕೆ ಗುಂಡಿ ಒತ್ತಿ, ದಾಖಲೆಗಳ ಕಡತವು ದುರ್ಬಲ ಸಂಪರ್ಕದಲ್ಲಿ ಎರಡು ನಿಮಿಷ ಸಾಗಿ ತಲುಪಿದರೆ, ಅವರ ಮೊಬೈಲಿನ ಚಿತ್ರದಲ್ಲಿ 11.59 ಎಂದಿದ್ದರೂ ಅರ್ಜಿ ಮರುದಿನದ್ದಾಗುತ್ತದೆ. ಪಟ್ಟಣದವರಿಗೆ ಒಂದು ಸೆಕೆಂಡಿನಲ್ಲಿ ಮುಗಿಯುವ ಕೆಲಸಕ್ಕೆ ಕಾಡಿನ ಅಂಚಿನವರಿಗೆ ಇಷ್ಟು ಹೊತ್ತು ಬೇಕಾಗುವುದು ಅವರ ತಪ್ಪಲ್ಲವಾದರೂ, ಸರ್ವರ್ ಆ ವ್ಯತ್ಯಾಸವನ್ನು ಗುರುತಿಸುವುದಿಲ್ಲ. ಆದ್ದರಿಂದ ದೊಡ್ಡ ಕಡತಗಳಿರುವ ಅರ್ಜಿಗಳನ್ನು ಕೊನೆಯ ದಿನಕ್ಕೆ ಉಳಿಸಿಕೊಳ್ಳಬಾರದು. ಅನಿವಾರ್ಯವಾದಲ್ಲಿ ಉತ್ತಮ ಸಂಪರ್ಕವಿರುವ ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರದಿಂದ ಸಲ್ಲಿಸತಕ್ಕದ್ದು.

ಸರದಿಯ ಪ್ರಶ್ನೆಯೂ ಇದೇ ನಮೂದನ್ನು ಅವಲಂಬಿಸಿದೆ. ಭೂಮಿ ಯೋಜನೆಯಡಿ ಹಕ್ಕು ಬದಲಾವಣೆಯ ಪ್ರಕರಣಗಳನ್ನು ಮೊದಲು ಬಂದದ್ದು ಮೊದಲು ಎಂಬ ಕ್ರಮದಲ್ಲಿ ವಿಲೇವಾರಿ ಮಾಡುವಂತೆ ತಂತ್ರಾಂಶವನ್ನು ರೂಪಿಸಲಾಗಿದೆ. ಸಕಾಲ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಲ್ಲಿ 15 ಅಂಕಿಗಳ ಸ್ವೀಕೃತಿ ಸಂಖ್ಯೆ ದೊರೆತ ಮೇಲಷ್ಟೇ ನಿಗದಿತ ದಿನಗಳ ಎಣಿಕೆ ಆರಂಭವಾಗುತ್ತದೆ. ಸಂಖ್ಯೆ ಪಡೆಯದೆ ಕೇಂದ್ರದಿಂದ ಹಿಂದಿರುಗಿದವರಿಗೆ ವಿಳಂಬವನ್ನು ಪ್ರಶ್ನಿಸಲು ಆಧಾರವೇ ಇರುವುದಿಲ್ಲ.

ಕೆಲವು ತೊಂದರೆಗಳು ಅರ್ಜಿದಾರರ ಸಾಧನದ ಗಡಿಯಾರ ತಪ್ಪಿರುವುದರಿಂದಲೇ ಬರುತ್ತವೆ. ಹಳೆಯ ಗಣಕಯಂತ್ರದೊಳಗಿನ ನಾಣ್ಯಾಕಾರದ ಬ್ಯಾಟರಿ ಸತ್ತಾಗ, ವಿದ್ಯುತ್ ಹೋಗಿ ಬಂದ ಮೇಲೆ ಅದರ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ. ಆಗ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರವು ಇನ್ನೂ ಜಾರಿಗೆ ಬಂದಿಲ್ಲವೆಂದು ಭಾವಿಸಿ ಗಣಕಯಂತ್ರವು ತಾಣವನ್ನು ತೆರೆಯಲು ನಿರಾಕರಿಸುತ್ತದೆ. ಜಾಲತಾಣ ಕೆಟ್ಟಿದೆ ಎಂಬ ದೂರುಗಳಲ್ಲಿ ಕೆಲವು ಈ ಬಗೆಯವು. ದಿನಾಂಕ ಸರಿಪಡಿಸಿದರೆ ತಾಣ ತೆರೆದುಕೊಳ್ಳುತ್ತದೆ. ಪ್ರತಿ 30 ಸೆಕೆಂಡಿಗೆ ಬದಲಾಗುವ ಗುಪ್ತ ಸಂಖ್ಯೆಯನ್ನು ಬಳಸುವವರ ದೂರವಾಣಿ ಒಂದೆರಡು ನಿಮಿಷ ತಪ್ಪಿದ್ದರೆ ಸಂಖ್ಯೆ ಅಮಾನ್ಯವಾಗುತ್ತದೆ. ಬೆರಳಚ್ಚಿನ ಮೂಲಕ ಆಧಾರ್ ದೃಢೀಕರಣ ಪಡೆಯುವಾಗಲೂ ಸಾಧನದ ಸಮಯ ಮುಂದೋಡಿದ್ದರೆ ಅಥವಾ ತೀರ ಹಿಂದಿದ್ದರೆ ಕೋರಿಕೆ ತಿರಸ್ಕೃತವಾಗುತ್ತದೆ. ಬೆರಳು ಸವೆದಿದೆ ಎಂದು ಹಿರಿಯರನ್ನು ಹಿಂದಕ್ಕೆ ಕಳುಹಿಸುವ ಮೊದಲು ಕೇಂದ್ರದವರು ಯಂತ್ರದ ಗಡಿಯಾರವನ್ನು ಒಮ್ಮೆ ನೋಡುವುದು ಒಳ್ಳೆಯದು. ಮೊಬೈಲ್ ಮತ್ತು ಗಣಕಯಂತ್ರಗಳಲ್ಲಿ ದಿನಾಂಕ ಹಾಗೂ ಸಮಯವನ್ನು ಸ್ವಯಂಚಾಲಿತ ಆಯ್ಕೆಯಲ್ಲಿಯೇ ಇಡತಕ್ಕದ್ದು.

ಅವಧಿಯೊಳಗೆ ಸಲ್ಲಿಸಿದ್ದರೂ ಅರ್ಜಿ ತಡವಾಗಿದೆಯೆಂದು ತಿರಸ್ಕೃತವಾದಲ್ಲಿ, ಸ್ವೀಕೃತಿ ಸಂಖ್ಯೆ, ಶುಲ್ಕ ಪಾವತಿಯ ವಿವರ ಮತ್ತು ಅದರಲ್ಲಿ ನಮೂದಾದ ಸಮಯವನ್ನು ಕಾಣಿಸಿ ಸಂಬಂಧಿಸಿದ ಕಚೇರಿಗೆ ಲಿಖಿತ ದೂರು ಸಲ್ಲಿಸಬಹುದು. ಸರ್ವರಿನ ದಾಖಲಾತಿಯ ಮಾಹಿತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು. ಮೊಬೈಲ್ ಪರದೆಯ ಚಿತ್ರ ಪೂರಕವಾಗಬಹುದೇ ಹೊರತು ಅದೊಂದರಿಂದಲೇ ಸ್ವೀಕೃತಿಯ ಸಮಯ ಸಿದ್ಧವಾಗುವುದಿಲ್ಲ. ಮೇಲೆ ತಿಳಿಸಿದ 2022ರ ನಿರ್ದೇಶನದನ್ವಯ ವ್ಯವಸ್ಥೆಯ ದಾಖಲಾತಿಗಳನ್ನು 180 ದಿನಗಳವರೆಗೆ ಕಾಯ್ದಿರಿಸುವುದು ಕಡ್ಡಾಯ. ಆ ಬಳಿಕ ಅವು ಉಳಿದಿರಲೇಬೇಕೆಂಬ ನಿಯಮವಿಲ್ಲ. ಆದ್ದರಿಂದ ದೂರನ್ನಾಗಲಿ ಮಾಹಿತಿ ಕೋರಿಕೆಯನ್ನಾಗಲಿ, ಅರ್ಜಿ ಸಲ್ಲಿಸಿದ ದಿನದಿಂದ ಈ ಅವಧಿ ಮುಗಿಯುವುದಕ್ಕೆ ಸಾಕಷ್ಟು ಮೊದಲೇ ಸಲ್ಲಿಸತಕ್ಕದ್ದು.